ದಿನಾ ಸರ್ಕ್ಯೂಟ್ ಹೊಡೆಯುವ ನಾಲ್ಕು ರೂಪಾಯಿ ಶೇರು: ಯಾವಾಗ ಕೊಳ್ಳಬೇಕು?

ಪ್ರಶ್ನೆ: ಸರ್, ನಮ್ಮ ಮೂಲ ಊರು ಕುಂದಾಪುರದ ಹತ್ತಿರ. ಈಗ ಇರುವುದು ಡೊಂಬಿವಲಿಯಲ್ಲಿ. ಠಾಣೆಯ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ನನ್ನ ಮೈದುನ ಒಂದು ಶೇರಿನ ಹಿಂದೆ ಬಿದ್ದಿದ್ದಾನೆ. ತಿಂಗಳ ಹಿಂದೆ 1 ರೂಪಾಯಿ 80 ಪೈಸೆ ಇತ್ತಂತೆ, ಈಗ 4 ರೂಪಾಯಿ 20 ಪೈಸೆ. ದಿನಾ 5% ಅಪ್ಪರ್ ಸರ್ಕ್ಯೂಟ್, ಅಂದರೆ ಒಂದು ದಿನಕ್ಕೆ ಏರಬಹುದಾದ ಮಿತಿಯಷ್ಟೂ ಏರುತ್ತಿದೆ. ಮೊದಲು ಬಟ್ಟೆ ವ್ಯಾಪಾರ ಮಾಡುತ್ತಿದ್ದ ಕಂಪನಿ, ಈಗ ಹೆಸರು ಬದಲಾಯಿಸಿಕೊಂಡು ಸೋಲಾರ್‌ಗೆ ಇಳಿದಿದೆ. ಅವನ ಟೆಲಿಗ್ರಾಂ ಗ್ರೂಪಿನಲ್ಲಿ 12 ರೂಪಾಯಿ ಟಾರ್ಗೆಟ್ ಅಂತ ಹಾಕಿದ್ದಾರೆ. ನನ್ನ ಹತ್ತಿರ ಚೀಟಿ ಎತ್ತಿದ ಒಂದೂವರೆ ಲಕ್ಷ ಇದೆ. ಈಗಲೇ ತಗೊಳ್ಳಲಾ, ಸ್ವಲ್ಪ ಇಳಿದ ಮೇಲೆ ತಗೊಳ್ಳಲಾ, ಇಲ್ಲಾ 5 ರೂಪಾಯಿ ದಾಟಿ ನಿಂತ ಮೇಲೆ ತಗೊಳ್ಳಲಾ? ನಾಲ್ಕು ರೂಪಾಯಿಯ ಶೇರು ಅಲ್ವಾ, ಇನ್ನೆಷ್ಟು ಬೀಳಬಹುದು?

ಉತ್ತರ: ಈಗ ಬೇಡ. ಸ್ವಲ್ಪ ಇಳಿದಾಗಲೂ ಬೇಡ. 5 ದಾಟಿದ ಮೇಲೂ ಬೇಡ.

ನೀವು ಮೂರು ಸಮಯ ಕೇಳಿದ್ದೀರಿ. ಮೂರನ್ನೂ ಬೆಲೆ ನೋಡಿಯೇ ಕೇಳಿದ್ದೀರಿ. ದೊಡ್ಡ ಕಂಪನಿಯ ಶೇರಿನಲ್ಲಿ ಬೆಲೆ ನೋಡಿ ಸಮಯ ಹೇಳುವವರಿಗೆ ಏನೋ ಒಂದು ಆಧಾರ ಇರುತ್ತದೆ. ಈ ಜಾತಿಯ ಶೇರಿನಲ್ಲಿ ಬೆಲೆಯನ್ನು ಕೂರಿಸುವವರೇ ಬೇರೆ, ಹಾಗಾಗಿ ಅದು ನಿಮಗೆ ಏನೂ ಹೇಳುವುದಿಲ್ಲ. ಸಮಯ ಗೊತ್ತುಮಾಡುವುದು ಎರಡು ಸಂಗತಿ. ಕಂಪನಿ ಎಕ್ಸ್‌ಚೇಂಜ್‌ಗೆ ಕೊಟ್ಟ ಕಾಗದದಲ್ಲಿ ನಿಜವಾಗಿ ಏನಾದರೂ ಬದಲಾಗಿದೆಯಾ? ಕೊಂಡ ಶೇರನ್ನು ಬೇಕೆಂದ ದಿನ ಮಾರೋಕೆ ಆಗುತ್ತಾ? ಎರಡಕ್ಕೂ ಹೌದು ಅನ್ನುವ ದಿನವೇ ಕೊಳ್ಳುವ ದಿನ. ಬಹಳಷ್ಟು ಪೆನ್ನಿ ಸ್ಟಾಕ್‌ಗಳಲ್ಲಿ, ಅಂದರೆ ಇಂಥ ಕೆಲವೇ ರೂಪಾಯಿಯ ಶೇರುಗಳಲ್ಲಿ, ಆ ದಿನ ಬರುವುದೇ ಇಲ್ಲ. ಫೋರ್ಟ್‌ನ ಬ್ರೋಕರ್ ಆಫೀಸಿನಲ್ಲಿ ಕೂತು ಇದನ್ನು ಸಾಕಷ್ಟು ನೋಡಿದ್ದೇನೆ, ಅದಕ್ಕೇ ಇಷ್ಟು ನೇರವಾಗಿ ಹೇಳುತ್ತಿದ್ದೇನೆ.

ಮೊದಲು ಸರ್ಕ್ಯೂಟಿನ ವಿಷಯ. ಎಲ್ಲರೂ ಎಡವುವುದು ಇಲ್ಲೇ.

1.80ರಿಂದ 4.20 ಅಂದರೆ ಹೆಚ್ಚುಕಡಿಮೆ 17–18 ಸರ್ಕ್ಯೂಟ್. ಮೈದುನನ ಮೊಬೈಲಿನಲ್ಲಿ ಆ ಶೇರಿನ ಬೈ-ಸೆಲ್ ಪಟ್ಟಿ ತೆರೆದು ನೋಡಿ. ಎಡಗಡೆ ಕೊಳ್ಳುವವರ ಸಾಲಿನಲ್ಲಿ ಇಪ್ಪತ್ತೋ ಮೂವತ್ತೋ ಲಕ್ಷ ಶೇರಿಗೆ ಆರ್ಡರ್ ಇರುತ್ತದೆ. ಬಲಗಡೆ ಮಾರುವವರ ಸಾಲು ಖಾಲಿ. ಎಕ್ಸ್‌ಚೇಂಜಿನ ಕಂಪ್ಯೂಟರ್ ಮೊದಲು ಬೆಲೆ ನೋಡುತ್ತದೆ, ಆಮೇಲೆ ಹೊತ್ತು ನೋಡುತ್ತದೆ. ಸರ್ಕ್ಯೂಟಿನಲ್ಲಿ ಎಲ್ಲರ ಬೆಲೆಯೂ ಒಂದೇ. ಹಾಗಾಗಿ ಮೊದಲು ಹಾಕಿದವರಿಗೆ ಮೊದಲು. ನೀವು ಬೆಳಿಗ್ಗೆ ಫಾಸ್ಟ್ ಲೋಕಲ್‌ನಲ್ಲಿ ನಿಂತುಕೊಂಡು 9:20ಕ್ಕೆ ಹಾಕಿದ ಆರ್ಡರ್ ಆ ಮೂವತ್ತು ಲಕ್ಷದ ಹಿಂದೆ ಹೋಗಿ ನಿಲ್ಲುತ್ತದೆ. ಅವತ್ತು ಸಿಗುವುದಿಲ್ಲ. ಮರುದಿನವೂ ಸಿಗುವುದಿಲ್ಲ. ಸಿಗದಿದ್ದಷ್ಟೂ ಆಸೆ ಜಾಸ್ತಿಯಾಗುತ್ತದೆ.

ಹಾಗಾದರೆ ನಿಮ್ಮ ಆರ್ಡರ್ ಪೂರ್ತಿಯಾಗುವುದು ಯಾವತ್ತು? ಮೂವತ್ತು ಲಕ್ಷವನ್ನೂ ತುಂಬಿಸಿ, ಅದರ ಹಿಂದಿರುವ ನಿಮಗೂ ಕೊಡುವಷ್ಟು ಮಾಲನ್ನು ಯಾರೋ ಹೊರಗೆ ತೆಗೆದ ದಿನ. ಅಷ್ಟು ಶೇರು ಇರುವುದು ಯಾರ ಹತ್ತಿರ? ಮೈದುನನಂಥವರ ಹತ್ತಿರ ಅಲ್ಲ. ರೂಪಾಯಿ ಎಂಬತ್ತು ಪೈಸೆಗೋ ಅದಕ್ಕಿಂತ ಕಡಿಮೆಗೋ ಮೊದಲೇ ಕೂಡಿಟ್ಟುಕೊಂಡವರ ಹತ್ತಿರ. ಸರ್ಕ್ಯೂಟಿನಲ್ಲಿ ಶೇರು ಸಿಕ್ಕಿತು ಅಂತ ಖುಷಿಪಡುವ ದಿನವೇ ಅವರು ಕೈತೊಳೆದುಕೊಂಡ ದಿನ ಆಗಿರುವ ಸಾಧ್ಯತೆ ಜಾಸ್ತಿ. ಸಾಲಿನಲ್ಲಿ ನಿಮ್ಮ ಮುಂದಿರುವ ಆ ಮೂವತ್ತು ಲಕ್ಷದಲ್ಲೂ ಎಷ್ಟು ನಿಜ, ಎಷ್ಟು ತೋರಿಕೆ ಅನ್ನುವುದು ಬೇರೆ ಪ್ರಶ್ನೆ. ಮಾರುವವರೇ ಇಲ್ಲದ ಕಡೆ ಕೊಳ್ಳುವ ಆರ್ಡರ್ ಹಾಕಿ ಕೂರಲು ದೊಡ್ಡ ಧೈರ್ಯವೇನೂ ಬೇಡ.

ಇನ್ನು ಕೆಳಗಿಳಿಯುವ ಆಟ. ಮಾಟುಂಗದ ಒಬ್ಬ ಹೋಟೆಲ್ ಮಾಲೀಕರು ನಮ್ಮಲ್ಲಿ ಖಾತೆ ಇಟ್ಟಿದ್ದರು. ಇದೇ ತರಹದ ಶೇರು, ಆರು ರೂಪಾಯಿಗೆ ಕೊಂಡಿದ್ದು. ಒಂದು ಸೋಮವಾರ ಲೋವರ್ ಸರ್ಕ್ಯೂಟ್ ಬಿತ್ತು, ಅಂದರೆ ಒಂದು ದಿನಕ್ಕೆ ಇಳಿಯಬಹುದಾದ ಮಿತಿಯಷ್ಟೂ ಇಳಿಯಿತು. ಅವರು ರಾತ್ರಿಯೇ ಫೋನ್ ಮಾಡಿ ಆಫ್ಟರ್ ಮಾರ್ಕೆಟ್ ಆರ್ಡರ್ ಹಾಕಿಸುತ್ತಿದ್ದರು, ಬೆಳಿಗ್ಗೆ ಸಾಲಿನಲ್ಲಿ ಮುಂದೆ ಇರಲಿ ಅಂತ. 9:15ಕ್ಕೆ ನೋಡಿದರೆ ಮಾರುವವರ ಕಡೆ 40 ಲಕ್ಷ, ಕೊಳ್ಳುವವರ ಕಡೆ ಸೊನ್ನೆ. ಮಧ್ಯಾಹ್ನ ಎಲ್ಲೋ ಐದು ಸಾವಿರ ಶೇರು ವಹಿವಾಟಾಗಿ ನಿಲ್ಲುತ್ತಿತ್ತು. ಸ್ಟಾಪ್‌ಲಾಸ್ ಹಾಕಿದ್ದೆನಲ್ಲ ಅಂತ ಅವರು ಕೇಳುತ್ತಿದ್ದರು. ಸ್ಟಾಪ್‌ಲಾಸ್ ಅಂದರೆ ಆ ಬೆಲೆ ಬಂದಾಗ ಮಾರುವ ಆರ್ಡರ್ ತಾನಾಗಿ ಹೋಗುತ್ತದೆ, ಅಷ್ಟೇ. ಕೊಳ್ಳುವವರನ್ನು ಅದು ಎಲ್ಲಿಂದ ತರುತ್ತದೆ?

ಲೆಕ್ಕ ನೀವೇ ಮಾಡಿ, ಅಕೌಂಟ್ಸ್‌ನವರು. 4.20ರಿಂದ ಹತ್ತು ದಿನ 5% ಲೋವರ್ ಸರ್ಕ್ಯೂಟ್ ಬಿದ್ದರೆ ಸುಮಾರು 2.50. ಇಪ್ಪತ್ತು ದಿನ ಬಿದ್ದರೆ 1.50. ಅಂದರೆ ನಿಮ್ಮ ಒಂದೂವರೆ ಲಕ್ಷ 54 ಸಾವಿರದ ಹತ್ತಿರ ಬಂದು ನಿಲ್ಲುತ್ತದೆ, ಅದೂ ನಡುವೆ ಒಂದು ದಿನವೂ ಹೊರಗೆ ಬರಲು ಬಿಡದೆ. ‘ಸ್ವಲ್ಪ ಇಳಿದ ಮೇಲೆ ತಗೊಳ್ಳಲಾ’ ಅಂದಿರಲ್ಲ, ಆ ಸ್ವಲ್ಪ ಇಳಿಕೆ ಹತ್ತರಲ್ಲಿ ಮೊದಲನೆಯ ಸರ್ಕ್ಯೂಟೋ ಕೊನೆಯದೋ ಅಂತ ಅವತ್ತು ಯಾರಿಗೂ ಗೊತ್ತಾಗುವುದಿಲ್ಲ. ಗ್ರೂಪಿನಲ್ಲಿ ಮಾತ್ರ ‘ಡಿಪ್ ಬಂದಿದೆ, ಆವರೇಜ್ ಮಾಡಿ’ ಅಂತ, ಅಂದರೆ ಬೆಲೆ ಇಳಿದಿದೆ, ಇನ್ನಷ್ಟು ಕೊಂಡು ಸರಾಸರಿ ಬೆಲೆ ಇಳಿಸಿಕೊಳ್ಳಿ ಅಂತ, ಮೆಸೇಜ್ ಬರುತ್ತದೆ. ಮಾಲು ಇನ್ನೂ ಪೂರ್ತಿ ಖಾಲಿಯಾಗಿಲ್ಲ ಅಂತ ಅದರ ಅರ್ಥ.

ನಾಲ್ಕು ರೂಪಾಯಿ ಶೇರು ಇನ್ನೆಷ್ಟು ಬೀಳುತ್ತೆ ಅನ್ನುವುದಕ್ಕೆ ಉತ್ತರ: ನಾಲ್ಕು ರೂಪಾಯಿ. ನಾನೂರು ರೂಪಾಯಿಯ ಶೇರು ನಲವತ್ತಕ್ಕೆ ಬಂದರೂ, ನಾಲ್ಕು ರೂಪಾಯಿಯದು ನಲವತ್ತು ಪೈಸೆಗೆ ಬಂದರೂ ಹೋಗುವುದು 90%. ಅಗ್ಗ ಅನ್ನಿಸುವುದು ಕಣ್ಣಿಗೆ ಮಾತ್ರ. ನಿಮ್ಮ ಕಂಪನಿಯ ಒಟ್ಟು ಶೇರು ಎಷ್ಟಿದೆ ಅಂತ ನೋಡಿದ್ದೀರಾ? 120 ಕೋಟಿ ಇದೆ ಅಂತ ಇಟ್ಟುಕೊಳ್ಳಿ. 1.80 ಇದ್ದಾಗ ಇಡೀ ಕಂಪನಿಯ ಬೆಲೆ 216 ಕೋಟಿ. 4.20ಕ್ಕೆ 504 ಕೋಟಿ. ಒಂದು ತಿಂಗಳಲ್ಲಿ 288 ಕೋಟಿಯಷ್ಟು ಮೌಲ್ಯ ಕೂಡಿಕೊಳ್ಳಲು ಆ ಕಂಪನಿಯಲ್ಲಿ ಏನಾಯಿತು? ಕೇಳಬೇಕಾದದ್ದು ಇದು. ಎಂಆರ್‌ಎಫ್‌ನ ಒಂದು ಶೇರು 2023ರ ಜೂನ್‌ನಲ್ಲಿ ಒಂದು ಲಕ್ಷ ರೂಪಾಯಿ ದಾಟಿತು. ಆದರೆ ಅದರ ಒಟ್ಟು ಶೇರು ಇರುವುದು ಸುಮಾರು 42 ಲಕ್ಷ ಮಾತ್ರ. ಶೇರಿನ ಬೆಲೆಗೂ ಕಂಪನಿ ದುಬಾರಿಯೋ ಅಗ್ಗವೋ ಅನ್ನುವುದಕ್ಕೂ ಸಂಬಂಧ ಇಲ್ಲ.

ಇದಕ್ಕೆ ತಲೆಕೆಳಗಾದ ಉದಾಹರಣೆಯೂ ನಮ್ಮ ಮುಂಬಯಿಯದೇ ಇದೆ. ಎಲ್ಸಿಡ್ ಇನ್ವೆಸ್ಟ್‌ಮೆಂಟ್ಸ್. 2024ರ ಅಕ್ಟೋಬರ್ 29ರಂದು ಮುಂಬಯಿಯ ಶೇರು ಎಕ್ಸ್‌ಚೇಂಜ್ ಬಿಎಸ್‌ಇಯಲ್ಲಿ ಒಂದೇ ದಿನ 3.53 ರೂಪಾಯಿಯಿಂದ 2,36,250 ರೂಪಾಯಿಗೆ ಹೋಯಿತು. ಆಗ ವಾಟ್ಸಾಪ್‌ನಲ್ಲಿ ‘ಮೂರೂವರೆ ರೂಪಾಯಿಗೆ ಕೊಂಡಿದ್ದರೆ’ ಅಂತ ಬಂದ ಮೆಸೇಜುಗಳಿಗೆ ಲೆಕ್ಕವಿಲ್ಲ. ಆದರೆ ಆ ಬೆಲೆಗೆ ಮಾರುವವರೇ ಇರಲಿಲ್ಲ. ಕಂಪನಿಯ ಹತ್ತಿರ ಏಷ್ಯನ್ ಪೇಂಟ್ಸ್‌ನ ದೊಡ್ಡ ಗಂಟಿತ್ತು, ಒಟ್ಟು ಶೇರು ಎರಡೇ ಲಕ್ಷ. ಲೆಕ್ಕದ ಪ್ರಕಾರ ಒಂದೊಂದು ಶೇರಿನ ಹಿಂದೆ ಲಕ್ಷಗಟ್ಟಲೆ ಆಸ್ತಿ ಇತ್ತು. ಹೀಗೆ ಬೇರೆ ಕಂಪನಿಗಳ ಶೇರು ಇಟ್ಟುಕೊಂಡಿರುವ ಹೋಲ್ಡಿಂಗ್ ಕಂಪನಿಗಳಿಗೆ ಸರಿಯಾದ ಬೆಲೆ ಗೊತ್ತಾಗಲಿ ಅಂತ ಎಕ್ಸ್‌ಚೇಂಜ್ ಸರ್ಕ್ಯೂಟ್ ಮಿತಿ ಇಲ್ಲದ ವಿಶೇಷ ಹರಾಜು ನಡೆಸಿತು, ಅವತ್ತು ಬೆಲೆ ತನ್ನ ಜಾಗಕ್ಕೆ ಬಂತು. ಪರದೆ ಮೇಲೆ ಕಾಣುವ ಬೆಲೆಗೆ ನಿಜವಾದ ಕೊಡು-ಕೊಳ್ಳುವಿಕೆ ನಡೆಯದಿದ್ದರೆ ಅದು ಸುಮ್ನೆ ಒಂದು ಅಂಕಿ. ಮೇಲಕ್ಕೂ ಹಾಗೇ, ಕೆಳಕ್ಕೂ ಹಾಗೇ.

ಈಗ ಕಾಗದಕ್ಕೆ ಬರೋಣ. ನಿಮಗೆ ಇದು ಸುಲಭ, ದಿನಾ ಲೆಜರ್ ನೋಡುವವರು. ಮೈದುನನಿಗಿಂತ ನಿಮಗೆ ಇರುವ ಬಲ ಇದೇ. ಬಿಎಸ್‌ಇ ವೆಬ್‌ಸೈಟಿನಲ್ಲಿ ಕಂಪನಿಯ ಹೆಸರು ಹಾಕಿದರೆ ಎಲ್ಲವೂ ಪುಕ್ಕಟೆಯಾಗಿ ಸಿಗುತ್ತದೆ.

ಮೊದಲು ಶೇರ್‌ಹೋಲ್ಡಿಂಗ್ ಪ್ಯಾಟರ್ನ್, ಅಂದರೆ ಯಾರ ಹತ್ತಿರ ಎಷ್ಟು ಶೇರು ಇದೆ ಅನ್ನುವ ಪಟ್ಟಿ, ತೆಗೆಯಿರಿ. ಪ್ರತಿ ತ್ರೈಮಾಸಿಕ ಮುಗಿದ 21 ದಿನದೊಳಗೆ ಕಂಪನಿ ಇದನ್ನು ಕೊಡಲೇಬೇಕು. ಕೊನೆಯ ನಾಲ್ಕನ್ನು ಪಕ್ಕಪಕ್ಕ ಇಟ್ಟು ನೋಡಿ. ಪ್ರವರ್ತಕರ, ಅಂದರೆ ಕಂಪನಿ ಕೈಯಲ್ಲಿಟ್ಟುಕೊಂಡವರ, ಪಾಲು ಎಷ್ಟಿತ್ತು, ಎಷ್ಟಾಗಿದೆ, ಅದರಲ್ಲಿ ಎಷ್ಟು ಅಡವಿಟ್ಟಿದ್ದಾರೆ. ಆಮೇಲೆ ಎರಡು ಲಕ್ಷ ರೂಪಾಯಿವರೆಗಿನ ಸಣ್ಣ ಶೇರುದಾರರ ಸಾಲಿಗೆ ಬನ್ನಿ. ಅಲ್ಲಿ ಪಾಲು ಮಾತ್ರ ಅಲ್ಲ, ತಲೆ ಎಣಿಕೆಯೂ ಇರುತ್ತದೆ. ಪ್ರವರ್ತಕರ ಪಾಲು ಕರಗುತ್ತಾ, ಸಣ್ಣವರ ಸಂಖ್ಯೆ ಸಾವಿರದಿಂದ ಹತ್ತಾರು ಸಾವಿರಕ್ಕೆ ಏರಿದ್ದರೆ, ಯಾರು ಯಾರಿಗೆ ಮಾರಿದರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಸಾಧನಾ ಬ್ರಾಡ್‌ಕಾಸ್ಟ್ ಪ್ರಕರಣದಲ್ಲಿ ಆಗಿದ್ದು ಇದೇ. 2022ರ ಜುಲೈನಲ್ಲಿ ಯೂಟ್ಯೂಬ್ ವಿಡಿಯೊಗಳು ಬಂದವು. ದೊಡ್ಡ ಉದ್ಯಮ ಸಮೂಹವೊಂದು ಈ ಕಂಪನಿಯನ್ನು ಕೊಳ್ಳಲಿದೆ, ಅಮೆರಿಕದ ಕಂಪನಿಯೊಂದು ಭಕ್ತಿ ಚಿತ್ರಗಳಿಗೆ 1,100 ಕೋಟಿಯ ಒಪ್ಪಂದ ಮಾಡಿಕೊಂಡಿದೆ ಅಂತೆಲ್ಲ ಹೇಳಿದರು. 2023ರ ಮಾರ್ಚ್‌ನಲ್ಲಿ ಶೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಆದೇಶ ಹೊರಡಿಸುವ ಹೊತ್ತಿಗೆ ಆಗಬೇಕಾದ್ದೆಲ್ಲ ಆಗಿಹೋಗಿತ್ತು. ಎರಡು ಸಾವಿರ ಚಿಲ್ಲರೆ ಇದ್ದ ಸಣ್ಣ ಶೇರುದಾರರು 55 ಸಾವಿರ ದಾಟಿದ್ದರು. ವಿಡಿಯೊ ನೋಡಿ ಕೊಂಡವರಲ್ಲಿ ಎಷ್ಟು ಜನ ಕಂಪನಿಯ ಅನೌನ್ಸ್‌ಮೆಂಟ್ ಪುಟ ತೆಗೆದು, ಆ ಒಪ್ಪಂದದ ಬಗ್ಗೆ ಒಂದು ಸಾಲಾದರೂ ಇದೆಯಾ ಅಂತ ನೋಡಿದ್ದರೋ! ಅಷ್ಟು ದೊಡ್ಡ ಒಪ್ಪಂದ ನಿಜವಾದರೆ ಅದು ಮೊದಲು ಎಕ್ಸ್‌ಚೇಂಜ್‌ಗೆ ಬರಬೇಕು. ಟೆಲಿಗ್ರಾಂಗೆ ಮೊದಲು ಬಂದದ್ದು ಸುಳ್ಳು. ಒಂದು ವೇಳೆ ನಿಜವೇ ಆಗಿದ್ದರೆ ಅದನ್ನು ಹಿಡಿದು ಶೇರು ಕೊಳ್ಳುವುದು ಅಪರಾಧ.

ಹೆಸರು ಬದಲಾಯಿಸಿದ ವಿಷಯ ನನಗೆ ಹಳೆಯ ಕಥೆ. 1999–2000ರಲ್ಲಿ ಯಾವ ಕಂಪನಿ ನೋಡಿದರೂ ಹೆಸರಿನ ಕೊನೆಗೆ ಸಾಫ್ಟ್‌ವೇರ್, ಇನ್ಫೋಟೆಕ್ ಅಂತ ಅಂಟಿಸಿಕೊಂಡಿತ್ತು. ಈಗ ಸೋಲಾರ್, ಡ್ರೋನ್, ಎಐ. ಹೋಟೆಲಿನ ಬೋರ್ಡ್ ಬದಲಾದ ಮಾತ್ರಕ್ಕೆ ಒಳಗೆ ದೋಸೆ ಹೊಯ್ಯುವವನು ಬದಲಾಗುವುದಿಲ್ಲ. ಇದಕ್ಕಾಗಿಯೇ ಸೆಬಿಯ ನಿಯಮ ಇದೆ. ಹೊಸ ವ್ಯವಹಾರವನ್ನು ಸೂಚಿಸುವ ಹೆಸರು ಬೇಕಿದ್ದರೆ ಹಿಂದಿನ ಒಂದು ವರ್ಷದ ಆದಾಯದಲ್ಲಿ ಕನಿಷ್ಠ 50% ಆ ವ್ಯವಹಾರದಿಂದ ಬಂದಿರಬೇಕು, ಇಲ್ಲವೇ ಕಂಪನಿಯ ಆಸ್ತಿಯ ಕನಿಷ್ಠ 50% ಅದರಲ್ಲಿ ತೊಡಗಿರಬೇಕು. ನಿಯಮ ಪಾಲಿಸಿದರೂ ತೃಪ್ತಿಪಡಬೇಡಿ. ಸೋಲಾರ್ ಆದಾಯ ಅಂತ ತೋರಿಸಿದ್ದು ಯಾರಿಂದ ಬಂತು, ಹಣ ಬಂತಾ ಅಂತ ನೋಡಿ. ಮಾರಾಟ 40 ಕೋಟಿ, ಅದರಲ್ಲಿ 36 ಕೋಟಿ ಇನ್ನೂ ಬರಬೇಕಾದ ಬಾಕಿ, ಕ್ಯಾಶ್ ಫ್ಲೋ ಪುಟದಲ್ಲಿ ವ್ಯವಹಾರದಿಂದ ಬಂದ ನಗದು ಮೈನಸ್. ಹೀಗಿದ್ದರೆ ನಿಮ್ಮ ಆಫೀಸಿನಲ್ಲಿ ಅಂಥ ಗಿರಾಕಿಗೆ ನೀವೇ ಮತ್ತೆ ಸಾಲ ಕೊಡುತ್ತೀರಾ? ಆಡಿಟರ್ ವರದಿಯಲ್ಲಿ ಆಕ್ಷೇಪ ಇದ್ದರೆ, ಇಲ್ಲಾ ವರ್ಷದ ನಡುವೆ ಆಡಿಟರ್ ರಾಜೀನಾಮೆ ಕೊಟ್ಟಿದ್ದರೆ ಮುಂದೆ ಓದುವುದೇ ಬೇಡ.

ಇನ್ನೊಂದು ಕಾಗದ ಇದೆ, ಅದನ್ನು ಬಹಳ ಜನ ನೋಡುವುದಿಲ್ಲ. ಸಮಯದ ಪ್ರಶ್ನೆಗೆ ನೇರವಾಗಿ ಉತ್ತರ ಕೊಡುವುದು ಅದೇ: ಪ್ರಿಫರೆನ್ಶಿಯಲ್ ಅಲಾಟ್‌ಮೆಂಟ್. ಈ ಕಂಪನಿಗಳು ಹಣಕ್ಕೆ ಬ್ಯಾಂಕಿಗೆ ಹೋಗುವುದು ಕಡಿಮೆ. ಪರಿಚಯದ ಹತ್ತಿಪ್ಪತ್ತು ಜನಕ್ಕೆ ಹೊಸ ಶೇರು ಅಥವಾ ವಾರಂಟ್, ಅಂದರೆ ಗೊತ್ತುಮಾಡಿದ ಬೆಲೆಗೆ ಮುಂದೆ ಶೇರು ಪಡೆಯುವ ಹಕ್ಕು, ಕೊಡುತ್ತವೆ. ವಾರಂಟ್ ಆದರೆ ಮೊದಲು 25% ಕಟ್ಟಬೇಕು, ಉಳಿದದ್ದನ್ನು 18 ತಿಂಗಳೊಳಗೆ ಕಟ್ಟಿ ಶೇರು ಮಾಡಿಸಿಕೊಳ್ಳಬೇಕು. ಬೆಲೆ ಏರದಿದ್ದರೆ ಉಳಿದ 75% ಕಟ್ಟಲು ಯಾರಿಗೂ ಮನಸ್ಸಿರುವುದಿಲ್ಲ. ಬೆಲೆ ಏರಲಿ ಅಂತ ಯಾರಿಗೆ ಆಸಕ್ತಿ ಇರುತ್ತದೆ, ಯಾವಾಗ ಇರುತ್ತದೆ ಅಂತ ಇದರಿಂದಲೇ ಅಂದಾಜು ಸಿಗುತ್ತದೆ. ಹೀಗೆ ಪ್ರವರ್ತಕರಲ್ಲದವರಿಗೆ ಕೊಟ್ಟ ಶೇರಿಗೆ ಲಾಕ್-ಇನ್ ಇರುತ್ತದೆ, ಅಂದರೆ ಅಷ್ಟು ದಿನ ಮಾರುವಂತಿಲ್ಲ. ಮೊದಲು ಒಂದು ವರ್ಷ ಇತ್ತು, 2022ರಿಂದ ಅದು ಟ್ರೇಡಿಂಗ್ ಅನುಮತಿ ಸಿಕ್ಕ ದಿನದಿಂದ ಆರು ತಿಂಗಳು. ಯಾರಿಗೆ ಎಷ್ಟು ಶೇರು, ಎಷ್ಟು ಬೆಲೆಗೆ, ಯಾವ ತಾರೀಖಿನವರೆಗೆ ಲಾಕ್ ಅಂತ ಎಕ್ಸ್‌ಚೇಂಜಿನ ಕಾಗದದಲ್ಲೇ ಸಿಗುತ್ತದೆ.

ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಎರಡು ರೂಪಾಯಿಗೆ ಕೋಟಿಗಟ್ಟಲೆ ಶೇರು ತಗೊಂಡವರು ಬೀಗ ತೆಗೆಯುವ ದಿನದವರೆಗೆ ಬೆಲೆ ಮೇಲಿರಬೇಕು ಅಂತ ಬಯಸುತ್ತಾರೆ. ಬೀಗ ತೆಗೆದ ಮೇಲೆ ಮಾರಬೇಕು, ಮಾರಲು ಕೊಳ್ಳುವವರು ಬೇಕು. ಟೆಲಿಗ್ರಾಂನಲ್ಲಿ ನಿಮ್ಮ ಮೈದುನನಿಗೆ ಸುದ್ದಿ ತಲುಪಿದ್ದು ಈ ತಾರೀಖಿನ ಆಸುಪಾಸಿನಲ್ಲೇ ಇದ್ದರೆ ನನಗೇನೂ ಆಶ್ಚರ್ಯ ಆಗುವುದಿಲ್ಲ. ಬೀಗ ತೆಗೆದು ಎರಡು-ಮೂರು ತಿಂಗಳು ಕಳೆದು, ಅವರು ಮಾರುವಷ್ಟು ಮಾರಿದ ಮೇಲೂ ಶೇರು ಒಂದು ಬೆಲೆಯಲ್ಲಿ ನಿಂತಿದ್ದರೆ, ಅದರ ನಂತರದ ಶೇರ್‌ಹೋಲ್ಡಿಂಗ್ ಬಂದಿದ್ದರೆ, ಆಗ ಆ ಬೆಲೆಯನ್ನು ಸ್ವಲ್ಪ ನಂಬಬಹುದು. ಬಲ್ಕ್ ಡೀಲ್ ಪಟ್ಟಿಯನ್ನೂ ನೋಡುತ್ತಿರಿ. ಒಂದು ದಿನದಲ್ಲಿ ಕಂಪನಿಯ ಒಟ್ಟು ಶೇರಿನ 0.5%ಕ್ಕಿಂತ ಜಾಸ್ತಿ ಯಾರಾದರೂ ಕೊಂಡರೆ, ಮಾರಿದರೆ ಅವರ ಹೆಸರು ಅವತ್ತೇ ಅಲ್ಲಿ ಬರುತ್ತದೆ. 120 ಕೋಟಿ ಶೇರಿನ ಕಂಪನಿಗೆ ಅದು 60 ಲಕ್ಷ ಶೇರು. ಅಲಾಟ್‌ಮೆಂಟ್ ಪಟ್ಟಿಯ ಹೆಸರೂ ಮಾರುವವರ ಹೆಸರೂ ಒಂದೇ ಆದರೆ ಉತ್ತರ ಸಿಕ್ಕಿತು.

ಹಾಗಾದರೆ ಕಾಗದ ಬರುವವರೆಗೆ ಕಾಯುತ್ತಾ ಕೂತರೆ ಲಾಭವೆಲ್ಲ ಬೇರೆಯವರ ಪಾಲಾಗುವುದಿಲ್ಲವಾ ಅಂತ ನೀವು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ಆಗ ನಾನು ಗಾಳಿಯಂತ್ರ ಮಾಡುವ ಪುಣೆಯ ಸುಜ್ಲಾನ್ ಕಥೆ ಹೇಳುತ್ತೇನೆ.

ಮೈದುನನಂಥವರು ಸುಜ್ಲಾನ್ ಹೆಸರು ಹೇಳುವುದು ಬೇರೆ ಕಾರಣಕ್ಕೆ. 2020ರಲ್ಲಿ ಎರಡು ರೂಪಾಯಿಗಿಂತ ಕೆಳಗಿತ್ತು, 2024ರ ಸೆಪ್ಟೆಂಬರ್‌ನಲ್ಲಿ 86 ತಲುಪಿತು. ಅದು ನಿಜ. ಆದರೆ ಅರ್ಧ ಕಥೆ. 2015ರಲ್ಲಿ ಸನ್ ಫಾರ್ಮಾದ ದಿಲೀಪ್ ಸಾಂಘ್ವಿಯವರ ಬಳಗ ಇದೇ ಕಂಪನಿಯಲ್ಲಿ 18 ರೂಪಾಯಿಯಂತೆ 1,800 ಕೋಟಿ ಹಾಕಿತ್ತು. ಅಷ್ಟು ಬುದ್ಧಿವಂತರು, ಕಂಪನಿಯ ಒಳಗೆ ಹೋಗಿ ಲೆಕ್ಕ ನೋಡಬಲ್ಲವರು. ಅಲ್ಲಿಂದ ಐದು ವರ್ಷದಲ್ಲಿ ಬೆಲೆ ಹತ್ತನೇ ಒಂದು ಭಾಗಕ್ಕೆ ಬಂತು. ಹತ್ತು ರೂಪಾಯಿಗೆ ಬಂದಾಗ ‘ಇನ್ನೆಷ್ಟು ಬೀಳುತ್ತೆ’ ಅಂತ ಕೊಂಡವರಿದ್ದರು, ಐದಕ್ಕೆ ಬಂದಾಗಲೂ ಇದ್ದರು. ಸಾಲ ಅನ್ನುವುದು ಹಾಗೇ ಕೂತಿರುವವರೆಗೆ ಬೆಲೆ ಅಗ್ಗವಾಗಿತ್ತೇ ಹೊರತು ಸಮಯ ಬಂದಿರಲಿಲ್ಲ.

ಸಮಯ ಬಂದದ್ದು ಕಾಗದದಲ್ಲಿ. 2020ರ ಮಧ್ಯದಲ್ಲಿ ಬ್ಯಾಂಕುಗಳ ಜೊತೆ ಸಾಲದ ಪುನರ್‌ರಚನೆ ಆಯಿತು. 2022ರಲ್ಲಿ ಸರ್ಕಾರಿ ಸಾಲ ಸಂಸ್ಥೆಗಳಾದ ಆರ್‌ಇಸಿ, ಇರೆಡಾ ಬಂದು ಹಳೆಯ ಸಾಲವನ್ನು ತಮ್ಮ ಸಾಲದಿಂದ ತೀರಿಸಲು ಒಪ್ಪಿದವು. ಅದೇ ಅಕ್ಟೋಬರ್‌ನಲ್ಲಿ ಐದು ರೂಪಾಯಿಯಂತೆ 1,200 ಕೋಟಿಯ ರೈಟ್ಸ್ ಇಶ್ಯೂ, ಅಂದರೆ ಇದ್ದ ಶೇರುದಾರರಿಗೇ ಹೊಸ ಶೇರು ಕೊಟ್ಟು ಹಣ ಎತ್ತಿದ್ದು. ಸ್ಥಾಪಕ ತುಳಸಿ ತಂತಿ ತೀರಿಕೊಂಡದ್ದು ಅದೇ ತಿಂಗಳ ಒಂದನೇ ತಾರೀಖು. ಅಂಥ ಹೊತ್ತಿನಲ್ಲೂ ಇಶ್ಯೂ ನಡೆಯಿತು, ಹಣ ಬಂತು. ಇದೆಲ್ಲ ಮುಗಿದು, ಎಲ್ಲರಿಗೂ ಓದಲು ಸಿಕ್ಕಿದ ಮೇಲೆ, 2023ರ ಶುರುವಿನಲ್ಲಿ ಶೇರು ಇನ್ನೂ ಹತ್ತು ರೂಪಾಯಿಯ ಆಸುಪಾಸಿನಲ್ಲೇ ಇತ್ತು. ಎರಡು ರೂಪಾಯಿಗೆ ಕೊಳ್ಳದೆ, ಕಾಗದ ಬರುವವರೆಗೆ ಮೂರು ವರ್ಷ ಸುಮ್ನೆ ಕೂತವನಿಗೂ ಹತ್ತರಿಂದ ಎಂಬತ್ತಾರರವರೆಗೆ ದಾರಿ ಉಳಿದಿತ್ತು. ಅವನು ಬಿಟ್ಟದ್ದು ಎರಡರಿಂದ ಹತ್ತರ ಲಾಭ. ಬಿಟ್ಟದ್ದಕ್ಕೆ ಪ್ರತಿಯಾಗಿ ಕಂಪನಿ ಮುಳುಗುವ ಭಯವೂ ಬಹಳಷ್ಟು ಇಳಿದಿತ್ತು. ಜೊತೆಗೆ ದಿನಕ್ಕೆ ಕೋಟಿಗಟ್ಟಲೆ ಶೇರು ಎರಡೂ ಕಡೆ ವಹಿವಾಟಾಗುತ್ತಿದ್ದ ಶೇರು ಅದು. ಬೇಕೆಂದ ಕ್ಷಣ ಹೊರಗೆ ಬರಬಹುದಿತ್ತು. ನಿಮ್ಮ ಮೈದುನನ ಶೇರಿಗೆ ಈ ಗುಣ ಇಲ್ಲ.

ಸುಜ್ಲಾನ್ ಒಂದು ಉಳಿದು ಬಂದಿತು ಅಂತ ಹೇಳಿದ ಮೇಲೆ ಡಿಎಚ್‌ಎಫ್‌ಎಲ್ ಹೆಸರನ್ನೂ ಹೇಳಬೇಕು. ಅದೂ ಮುಂಬಯಿ ಕಂಪನಿಯೇ, ಗೃಹ ಸಾಲದ್ದು. ಅದು ದಿವಾಳಿಯಾದ ಮೇಲೆ ಪಿರಾಮಲ್ ಸಮೂಹ ಅದನ್ನು ಕೊಳ್ಳುವ ಯೋಜನೆಗೆ 2021ರ ಜೂನ್ 7ರಂದು ಕಂಪನಿ ನ್ಯಾಯಮಂಡಳಿ ಎನ್‌ಸಿಎಲ್‌ಟಿ ಒಪ್ಪಿಗೆ ಕೊಟ್ಟಿತು. ಹಳೆಯ ಶೇರಿಗೆ ಮೌಲ್ಯ ಸೊನ್ನೆ, ಆ ಶೇರುಗಳು ರದ್ದಾಗುತ್ತವೆ ಅಂತ ಆ ಯೋಜನೆಯಲ್ಲೇ ಇತ್ತು. ಆದರೂ ‘ಪಿರಾಮಲ್ ಬಂದರು’ ಅಂತ ಮರುದಿನದಿಂದ ಶೇರು ಅಪ್ಪರ್ ಸರ್ಕ್ಯೂಟ್! ಜೂನ್ 14ರಿಂದ ವಹಿವಾಟು ನಿಂತಿತು. ಆ ವಾರ ಸಾಲಿನಲ್ಲಿ ನಿಂತು ಶೇರು ಪಡೆದವರಿಗೆ ಒಂದು ಪೈಸೆಯೂ ವಾಪಸ್ ಬರಲಿಲ್ಲ. ಕಾಗದ ಒಂದು ಹೇಳುತ್ತಿತ್ತು, ಸರ್ಕ್ಯೂಟ್ ಇನ್ನೊಂದು ಹೇಳುತ್ತಿತ್ತು. ದಿವಾಳಿ ಪ್ರಕ್ರಿಯೆಯಲ್ಲಿರುವ ಕಂಪನಿಯ ಶೇರನ್ನು ಎಷ್ಟೇ ಅಗ್ಗವಿದ್ದರೂ ಮುಟ್ಟಬೇಡಿ ಅಂತ ನಾನು ಹೇಳುವುದು ಇದಕ್ಕೇ. ಅಲ್ಲಿ ಹಣ ಮೊದಲು ಸಾಲ ಕೊಟ್ಟವರಿಗೆ, ಶೇರುದಾರರ ಸರದಿ ಕೊನೆಗೆ. ಅಲ್ಲಿಯವರೆಗೆ ಏನೂ ಉಳಿಯುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೂ ನಿಮ್ಮ ಕಂಪನಿ ಪಾಸಾಯಿತು ಅಂತ ಇಟ್ಟುಕೊಳ್ಳೋಣ. ಆಗ ಎಕ್ಸ್‌ಚೇಂಜಿನ ನಿಗಾ ಪಟ್ಟಿ ನೋಡಿ. ಆರ್ಡರ್ ಹಾಕುವಾಗ ಆ್ಯಪ್‌ನಲ್ಲೇ ಹಳದಿಯದೋ ಕೆಂಪಿನದೋ ಎಚ್ಚರಿಕೆ ಬರುತ್ತದೆ, ಎಲ್ಲರೂ ಓಕೆ ಒತ್ತಿ ಮುಂದೆ ಹೋಗುತ್ತಾರೆ. ಜಿಎಸ್‌ಎಂ, ಎಎಸ್‌ಎಂ, ಸಣ್ಣ ಕಂಪನಿಗಳಿಗೆ 2023ರಲ್ಲಿ ಬಂದ ಇಎಸ್‌ಎಂ ಅಂತ ಮೂರು ಬಗೆ. ಜಿಎಸ್‌ಎಂನ ಮೇಲಿನ ಹಂತಕ್ಕೆ ಹೋದ ಶೇರಿನಲ್ಲಿ ವಾರಕ್ಕೆ ಒಂದೇ ದಿನ ವಹಿವಾಟು. ಅಂಥದ್ದರಲ್ಲಿ ಹತ್ತು ಲೋವರ್ ಸರ್ಕ್ಯೂಟ್ ಅಂದರೆ ಹತ್ತು ವಾರ. ಟ್ರೇಡ್-ಟು-ಟ್ರೇಡ್ ಗುಂಪಿನಲ್ಲಿದ್ದರೆ ಕೊಂಡ ದಿನವೇ ಮಾರುವಂತಿಲ್ಲ, ಡೆಲಿವರಿ ತಗೊಳ್ಳಲೇಬೇಕು. ಕಂಪನಿ ಈ ಪಟ್ಟಿಯಿಂದ ಹೊರಗೆ ಬಂದದ್ದು ಕೊಳ್ಳಲು ಒಂದು ಕಾರಣ ಆಗಬಹುದು. ಒಳಗಿರುವಾಗ ಕೊಳ್ಳಲು ನನಗೆ ಕಾರಣ ಕಾಣುವುದಿಲ್ಲ.

ಕೊನೆಗೆ ಮಾರುವ ಪರೀಕ್ಷೆ. ಸರ್ಕ್ಯೂಟ್ ಇಲ್ಲದ ಮಾಮೂಲು ದಿನಗಳಲ್ಲಿ, ಒಂದು ತಿಂಗಳು, ದಿನಕ್ಕೆ ಸರಾಸರಿ ಎಷ್ಟು ಶೇರು ಡೆಲಿವರಿಗೆ ಹೋಗುತ್ತಿದೆ, ಅಂದರೆ ಅವತ್ತೇ ಕೊಂಡು ಮಾರದೆ ನಿಜವಾಗಿ ಕೈಬದಲಾಗುತ್ತಿದೆ, ಅಂತ ನೋಡಿ. ಈ ಅಂಕಿಯೂ ಎಕ್ಸ್‌ಚೇಂಜಿನಲ್ಲೇ ಇದೆ. ನೀವು ಕೊಳ್ಳುವುದು ಅದರ ನೂರರಲ್ಲಿ ಒಂದು ಭಾಗ ದಾಟಬಾರದು. 4.20ರ ಬೆಲೆಗೆ ನಿಮ್ಮ ಒಂದೂವರೆ ಲಕ್ಷಕ್ಕೆ ಸುಮಾರು 35,700 ಶೇರು ಬರುತ್ತದೆ. ದಿನಕ್ಕೆ 50 ಸಾವಿರ ಡೆಲಿವರಿ ಆಗುವ ಶೇರಿನಲ್ಲಿ ನೀವೇ ಮಾರುಕಟ್ಟೆ ಆಗಿಬಿಡುತ್ತೀರಿ. ಆ ಲೆಕ್ಕದಲ್ಲಿ ನೀವು ಕೊಳ್ಳಬಹುದಾದದ್ದು 500 ಶೇರು, ಎರಡು ಸಾವಿರದ ಚಿಲ್ಲರೆ ರೂಪಾಯಿ. ನಗು ಬಂತಾ? ಆ ಶೇರಿನ ಯೋಗ್ಯತೆ ಅಷ್ಟೇ. ಆರ್ಡರ್ ಯಾವಾಗಲೂ ಲಿಮಿಟ್ ಬೆಲೆಗೇ, ಅಂದರೆ ನೀವೇ ಗೊತ್ತುಮಾಡಿದ ಬೆಲೆಗೇ, ಹಾಕಿ. ಸಿಕ್ಕ ಬೆಲೆಗೆ ಅನ್ನುವ ಮಾರ್ಕೆಟ್ ಆರ್ಡರ್ ಹಾಕಿದರೆ ಇಂಥ ಶೇರಿನಲ್ಲಿ ಎಲ್ಲಿಗೆ ಹೋಗಿ ತಾಗುತ್ತದೋ ಹೇಳಲಾಗದು.

ಚೀಟಿ ಹಣದ ಬಗ್ಗೆ ಒಂದು ಮಾತು. ಚೀಟಿ ಎತ್ತಿದ ಮೇಲೂ ಕಂತು ಕಟ್ಟುವುದು ಬಾಕಿ ಇದ್ದರೆ ಅದು ನಿಮ್ಮ ಹಣ ಅಲ್ಲ, ಸಾಲ. ಸಾಲದ ದುಡ್ಡಿನಲ್ಲಿ ಪೆನ್ನಿ ಸ್ಟಾಕ್ ಕೊಂಡವರನ್ನು ಕಂಡಿದ್ದೇನೆ. ಕಂತು ಕಟ್ಟುವ ದಿನ ಲೋವರ್ ಸರ್ಕ್ಯೂಟ್ ಇದ್ದರೆ ಏನು ಮಾಡುತ್ತೀರಿ? ಕಂತೆಲ್ಲ ಮುಗಿದಿದ್ದರೂ ಇದಕ್ಕೆ ಅಂತ ಐದು ಸಾವಿರಕ್ಕಿಂತ ಜಾಸ್ತಿ ಇಡಬೇಡಿ. ಅದು ಪೂರ್ತಿ ಹೋದರೂ ಮನೆಯಲ್ಲಿ ಆ ಮಾತು ಬರಬಾರದು, ಅಷ್ಟಿರಲಿ.

12 ರೂಪಾಯಿ ಟಾರ್ಗೆಟ್ ಅಂತ ಮೊಣಕೈಗೆ ಬೆಲ್ಲ ಹಚ್ಚಿದವರು ಯಾರು ಅಂತಲೂ ವಿಚಾರಿಸಿ. ಶೇರಿನ ಸಲಹೆ ಮಾರುವವರಿಗೆ ಸೆಬಿ ನೋಂದಣಿ ಬೇಕು. ರಿಸರ್ಚ್ ಅನಲಿಸ್ಟ್ ಆದರೆ ನಂಬರ್ ಐಎನ್‌ಎಚ್ ಅಂತ ಶುರುವಾಗುತ್ತದೆ, ಹೂಡಿಕೆ ಸಲಹೆಗಾರರಾದರೆ ಐಎನ್‌ಎ. ಮೈದುನ ಗ್ರೂಪಿನಲ್ಲಿ ಆ ನಂಬರ್ ಕೇಳಲಿ. ಹೆಚ್ಚಿನ ಕಡೆ ಕೇಳಿದವರನ್ನು ಗ್ರೂಪಿನಿಂದ ತೆಗೆದುಹಾಕುತ್ತಾರೆ. ಅದೂ ಒಂದು ಉತ್ತರವೇ. ನಂಬರ್ ಕೊಟ್ಟರೆ ಸೆಬಿ ವೆಬ್‌ಸೈಟಿನಲ್ಲಿ ಹಾಕಿ ನೋಡಿ, ಬೇರೆಯವರ ನಂಬರ್ ಕದ್ದು ಹಾಕಿಕೊಳ್ಳುವುದೂ ಇದೆ.

ಮೈದುನ ಈಗಾಗಲೇ ಕೊಂಡಿದ್ದಾನಾ ಅಂತ ನೀವು ಬರೆದಿಲ್ಲ. ಎರಡು ರೂಪಾಯಿ ಆಸುಪಾಸಿನಲ್ಲಿ ಕೊಂಡಿದ್ದರೆ ಅವನಿಗೆ ಒಂದು ಮಾತು ತಿಳಿಸಿ. ಅಪ್ಪರ್ ಸರ್ಕ್ಯೂಟ್ ಇರುವಾಗ ಕೊಳ್ಳುವುದು ಕಷ್ಟ, ಮಾರುವುದು ಬಹಳ ಸುಲಭ. ಎದುರಿಗೆ ಮೂವತ್ತು ಲಕ್ಷ ಶೇರಿಗೆ ಕೊಳ್ಳುವವರು ನಿಂತಿದ್ದಾರೆ, ಅವನ ಆರ್ಡರ್ ಕಣ್ಣುಮುಚ್ಚಿ ತೆರೆಯುವುದರೊಳಗೆ ಹೋಗುತ್ತದೆ. ಹಾಕಿದ ಅಸಲು ಬರುವಷ್ಟನ್ನಾದರೂ ಈ ವಾರವೇ ಮಾರಲಿ. ಉಳಿದದ್ದನ್ನು 12ಕ್ಕೋ 20ಕ್ಕೋ ಅಂತ ಇಟ್ಟುಕೊಳ್ಳುವುದು ಅವನಿಷ್ಟ. ವರ್ಷದೊಳಗೆ ಮಾರಿದ ಲಾಭಕ್ಕೆ 20% ತೆರಿಗೆ ಇದೆ, ಆ ಹಣವನ್ನು ಬೇರೆ ಎತ್ತಿಡಲು ಹೇಳಿ. ಬೇರೆ ಶೇರನ್ನೂ ಕೊಂಡು ವರ್ಷದೊಳಗೆ, ಇದೇ ಆರ್ಥಿಕ ವರ್ಷದಲ್ಲಿ ನಷ್ಟಕ್ಕೆ ಮಾರಿದ್ದರೆ ಅದನ್ನು ಈ ಲಾಭದಲ್ಲಿ ಕಳೆಯಬಹುದು. ರಿಟರ್ನ್ ತುಂಬುವಾಗ ಆ ಲೆಕ್ಕ ನೀವೇ ಮಾಡಿಕೊಟ್ಟರೆ ಆಯಿತು.